ಓದುಗರ ಪ್ರಶ್ನೆ, ಟೀಚರ್ ಉತ್ತರ: ಲೂಸಿ ಹೇಳದೆ ಬಿಟ್ಟ ಬಾಲ್ಯ

ಕಳೆದ ಸಂಚಿಕೆಯಲ್ಲಿ ಶಾರ್ಲೆಟ್ ಬ್ರಾಂಟಿಯ ‘ವಿಲೆಟ್’ ಕಾದಂಬರಿಯ ಬಗ್ಗೆ ನಾಲ್ಕು ಮಾತು ಬರೆದಿದ್ದೆ. 1853ರಲ್ಲಿ ಬಂದ ಇಂಗ್ಲಿಷ್ ಪುಸ್ತಕ. ಅದಕ್ಕೆ ಇಷ್ಟು ಪತ್ರ ಬಂದಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. ಹೆಚ್ಚಿನವರು ಕೇಳಿರುವುದು ಕಥೆ ಹೇಳುವ ಹುಡುಗಿ ಲೂಸಿ ಸ್ನೋ ಬಗ್ಗೆಯೇ. ಹಾಗಾಗಿ ಈ ಸಲದ ಪುಟ ಪೂರ್ತಿ ಅವಳಿಗೆ.

ಓದದೇ ಇರುವವರಿಗಾಗಿ ಕಥೆ ಚುಟುಕಾಗಿ ಹೇಳುತ್ತೇನೆ. ಕೊನೆಯನ್ನೂ ಹೇಳುತ್ತೇನೆ, ಇಲ್ಲದಿದ್ದರೆ ಉತ್ತರ ಕೊಡುವುದು ಕಷ್ಟ. ಲೂಸಿ ಇಂಗ್ಲೆಂಡಿನವಳು. ತನ್ನವರು ಅನ್ನುವವರು ಯಾರೂ ಉಳಿದಿಲ್ಲ. ಹಾಸಿಗೆ ಹಿಡಿದ ಒಬ್ಬ ಮುದುಕಿಯ ಸೇವೆಗೆ ನಿಲ್ಲುತ್ತಾಳೆ. ಆಕೆ ತೀರಿಕೊಂಡ ಮೇಲೆ ಕೈಯಲ್ಲಿ 15 ಪೌಂಡ್ ಇಟ್ಟುಕೊಂಡು ಹಡಗು ಹತ್ತುತ್ತಾಳೆ. ಭಾಷೆ ಬಾರದ ವಿಲೆಟ್ ಎಂಬ ಊರಿಗೆ ಬಂದು ಮದಾಮ್ ಬೆಕ್ ನಡೆಸುವ ಹೆಣ್ಣುಮಕ್ಕಳ ಶಾಲೆ ಸೇರುತ್ತಾಳೆ. ಮೊದಲು ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಆಮೇಲೆ ಇಂಗ್ಲಿಷ್ ಟೀಚರ್. ಡಾಕ್ಟರ್ ಜಾನ್ ಮೇಲೆ ಮನಸ್ಸಾಗುತ್ತದೆ. ಅವನು ಇನ್ನೊಬ್ಬಳನ್ನು ಮದುವೆಯಾಗುತ್ತಾನೆ. ಅಷ್ಟರಲ್ಲಿ ಸಾಹಿತ್ಯ ಪಾಠ ಮಾಡುವ ಸಿಡುಕು ಮೇಷ್ಟ್ರು ಪಾಲ್ ಇಮಾನ್ಯುವೆಲ್ ಅವಳಿಗೆ ಹತ್ತಿರವಾಗಿರುತ್ತಾನೆ. ಅವನು 3 ವರ್ಷಕ್ಕೆಂದು ಸಮುದ್ರ ದಾಟಿ ಹೋಗುತ್ತಾನೆ. ವಾಪಸ್ ಬರುವಾಗ ಬಿರುಗಾಳಿ.

ಡೊಂಬಿವಲಿಯಿಂದ ಒಬ್ಬ ಓದುಗರು: ಟೀಚರ್, ಕಾಲೇಜಿನಲ್ಲಿದ್ದಾಗ ಇದೇ ಲೇಖಕಿಯ ‘ಜೇನ್ ಐರ್’ ಓದಿ ಅತ್ತಿದ್ದೆ. ಅತ್ತೆ ಮನೆಯಲ್ಲಿ ಜೇನ್ ಪಟ್ಟ ಪಾಡು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮುಂಬಯಿಯ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ‘ವಿಲೆಟ್’ ಸಿಕ್ಕಿತು, ಲೋಕಲ್ ರೈಲಿನಲ್ಲಿ ಹೋಗಿ ಬರುವಾಗ ಓದಿ ಮುಗಿಸಿದೆ. ಲೂಸಿಗೆ ಬಾಲ್ಯದಲ್ಲಿ ಏನಾಯಿತು ಅಂತಲೇ ಗೊತ್ತಾಗಲಿಲ್ಲ. ಅಪ್ಪ ಅಮ್ಮನ ಹೆಸರೂ ಇಲ್ಲ. ಪ್ರೀತಿ ಸಿಗದೆ ಬೆಳೆದ ಹುಡುಗಿ ಅಂತ ನೀವು ಬರೆದಿರಿ. ಅದು ಪುಸ್ತಕದಲ್ಲಿ ಎಲ್ಲಿದೆ?

ಒಳ್ಳೆಯ ಪ್ರಶ್ನೆ ಕೇಳಿದಿರಿ. ನನಗೆ ಪ್ರೀತಿ ಸಿಗಲಿಲ್ಲ ಅಂತ ಲೂಸಿ ಬಾಯಿಬಿಟ್ಟು ಹೇಳುವುದೇ ಇಲ್ಲ. ಯಾರೋ ಹೊಡೆದರು, ಉಪವಾಸ ಕೆಡವಿದರು ಅಂತಲೂ ಇಲ್ಲ. ಆದರೆ ಮೊದಲ ಮೂರು ಅಧ್ಯಾಯ ಇನ್ನೊಮ್ಮೆ ನಿಧಾನವಾಗಿ ಓದಿ. ಕಥೆ ಇನ್ನೂ ಶುರುವಾಗಿಲ್ಲ ಅಂದುಕೊಂಡು ಬಹಳ ಜನ ಅಲ್ಲಿ ಬೇಗ ಬೇಗ ಪುಟ ತಿರುಗಿಸುತ್ತಾರೆ.

ಲೂಸಿ ಬ್ರೆಟನ್ ಎಂಬ ಊರಿಗೆ, ಗಾಡ್‌ಮದರ್ ಮನೆಗೆ ಬಂದಿದ್ದಾಳೆ. ಗಾಡ್‌ಮದರ್ ಅಂದರೆ ಕ್ರೈಸ್ತರಲ್ಲಿ ಜ್ಞಾನಸ್ನಾನದ ಹೊತ್ತಿಗೆ ಮಗುವಿಗೆ ತಾಯಿಯ ಸ್ಥಾನದಲ್ಲಿ ನಿಲ್ಲುವ ಹೆಂಗಸು. ಯಾಕೆ ಕರೆಸಿಕೊಂಡರು? ಅವಳ ಮನೆಯಲ್ಲಿ ಏನೋ ಕೆಟ್ಟದ್ದು ಆಗುವುದರಲ್ಲಿದೆ. ದೊಡ್ಡವರಿಗೆ ಅದು ಗೊತ್ತಿದೆ, ಹುಡುಗಿಗೆ ಬರೀ ದಿಗಿಲು. ಇಷ್ಟು ಹೇಳಿ ಆ ವಿಷಯವನ್ನೇ ಬಿಟ್ಟುಬಿಡುತ್ತಾಳೆ. ಆಮೇಲೆ ಅವಳು ಹೇಳುವುದೆಲ್ಲ ಅದೇ ಮನೆಗೆ ಬಂದ ಇನ್ನೊಂದು ಮಗುವಿನ ಕಥೆ. ಪಾಲಿ ಎಂಬ ಪುಟ್ಟ ಹುಡುಗಿ. ತಾಯಿ ಇಲ್ಲ, ಅಪ್ಪ ಬಿಟ್ಟುಹೋಗಿದ್ದಾರೆ. ಆ ಮಗು ಅಪ್ಪನಿಗಾಗಿ ಒಂದು ಕರ್ಚೀಫಿನ ಅಂಚು ಹೊಲಿಯುತ್ತಾ ಕೂತಿರುತ್ತದೆ. ಆ ಪುಟ್ಟ ಕೈಗೆ ಸೂಜಿ ದೊಡ್ಡದು. ಮತ್ತೆ ಮತ್ತೆ ಬೆರಳಿಗೆ ಚುಚ್ಚುತ್ತದೆ. ಬಟ್ಟೆಯ ಉದ್ದಕ್ಕೂ ಸಣ್ಣ ಸಣ್ಣ ಕೆಂಪು ಚುಕ್ಕೆ. ಮಗು ಅಳುವುದಿಲ್ಲ, ಹೊಲಿಗೆ ನಿಲ್ಲಿಸುವುದೂ ಇಲ್ಲ. ಆ ಚುಕ್ಕೆಗಳನ್ನು ಅಷ್ಟು ಹತ್ತಿರದಿಂದ ನೋಡಿದವಳು ಲೂಸಿ. ಪಾಲಿಯ ಅಪ್ಪ ಬಂದು ಮತ್ತೆ ಹೊರಟಾಗ ಮಗು ಸಂಕಟಪಡುತ್ತದೆ, ಗಾಡ್‌ಮದರ್ ಕಣ್ಣಲ್ಲೂ ನೀರು. ತಾನು ಮಾತ್ರ ಶಾಂತವಾಗಿದ್ದೆ ಅನ್ನುತ್ತಾಳೆ ಲೂಸಿ.

ಪಾಲಿ ಆ ಮನೆ ಬಿಡುವ ಮುಂಚಿನ ರಾತ್ರಿ ಲೂಸಿ ಅವಳನ್ನು ತನ್ನ ಹಾಸಿಗೆಗೆ ಕರೆದುಕೊಳ್ಳುತ್ತಾಳೆ. ಚಳಿಗೆ ನಡುಗುತ್ತಿದ್ದ ಮಗುವನ್ನು ಬೆಚ್ಚಗೆ ಅಪ್ಪಿಕೊಳ್ಳುತ್ತಾಳೆ. ಈ ಮಗು ಈ ಲೋಕದಲ್ಲಿ ಹೇಗೆ ಬದುಕೀತು ಅಂತ ಅವಳಿಗೆ ಯೋಚನೆ. ಪಾಲಿಗಾದರೂ ಅಪ್ಪ ಇದ್ದಾರೆ, ಈಗಲೋ ಆಗಲೋ ಬಂದು ಕರೆದುಕೊಂಡು ಹೋಗುತ್ತಾರೆ. ಹಾಗೆ ಕರೆದೊಯ್ಯಲು ಯಾರೂ ಇಲ್ಲದವಳು ಈ ಮಾತು ಯೋಚಿಸುತ್ತಿದ್ದಾಳೆ, ಅಲ್ವಾ?

ನಾನು ಮುಂಬಯಿಯ ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಉಡುಪಿ, ಕುಂದಾಪುರ ಕಡೆಯಿಂದ ಬಂದು ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗರೇ ಜಾಸ್ತಿ. ಹಗಲಿಡೀ ಗ್ಲಾಸು ತೊಳೆದು, ಟೇಬಲ್ ಒರೆಸಿ, ಸಂಜೆ ಧಣಿಗಳು ಬಿಟ್ಟ ಮೇಲೆ ಓಡಿ ಬರುತ್ತಿದ್ದರು. ಬೆರಳ ತುದಿ ಸುಕ್ಕುಗಟ್ಟಿರುತ್ತಿತ್ತು. ಒಂದು ಸಲ ‘ನನ್ನ ಮನೆ’ ಅಂತ ಪ್ರಬಂಧ ಬರೆಸಿದೆ. ಒಬ್ಬ ಹುಡುಗ ಎರಡು ಪುಟ ತುಂಬ ಬರೆದ. ಪಕ್ಕದ ಮನೆಯವರ ದನ ಕರು ಹಾಕಿದ್ದು, ಪಕ್ಕದ ಮನೆಯ ಅಕ್ಕನ ಮದುವೆಗೆ ಚಪ್ಪರ ಹಾಕಿದ್ದು, ಅವರ ಅಜ್ಜಿ ಹಪ್ಪಳ ಕಾಯಲು ಇವನನ್ನು ಕೂರಿಸಿದ್ದು. ತನ್ನ ಮನೆಯ ಬಗ್ಗೆ ಒಂದು ಸಾಲೂ ಇಲ್ಲ. ನಾನು ಏನೂ ಕೇಳಲಿಲ್ಲ. ಅವನಿಗೆ ತಾಯಿ ಇಲ್ಲ, ತಂದೆ ಬೇರೆ ಸಂಸಾರ ಮಾಡಿಕೊಂಡಿದ್ದಾರೆ ಅಂತ ಆಮೇಲೆ ಅವನ ಜೊತೆಯ ಹುಡುಗ ಹೇಳಿದ. ಲೂಸಿಯ ಮೊದಲ ಮೂರು ಅಧ್ಯಾಯ ಓದುವಾಗ ನನಗೆ ಆ ಎರಡು ಪುಟ ನೆನಪಾಗುತ್ತವೆ. ಮನೆಯಲ್ಲಿ ಯಾರೂ ತನ್ನನ್ನು ನೋಡದೆ ಬೆಳೆದ ಮಗು ಪಕ್ಕದ ಮನೆಯನ್ನು ಕಣ್ಣು ಪಿಳುಕಿಸದೆ ನೋಡಿರುತ್ತದೆ.

ಜೇನ್ ಹಾಗಲ್ಲ. ಹತ್ತು ವರ್ಷಕ್ಕೇ ಅತ್ತೆಯ ಮುಖಕ್ಕೆ ಮುಖ ಕೊಟ್ಟು ನೀವು ಕೆಟ್ಟವರು ಅಂದವಳು. ಅದಕ್ಕೇ ಅವಳ ಜೊತೆ ನಾವು ಸುಲಭವಾಗಿ ಅಳುತ್ತೇವೆ. ಲೂಸಿಗೆ ಜಗಳ ಆಡಲೂ ಒಬ್ಬರು ಇರಲಿಲ್ಲ.

ನಾಲ್ಕನೇ ಅಧ್ಯಾಯದ ಶುರು ನೋಡಿ. ಮುಂದಿನ 8 ವರ್ಷ ನಾನು ಸುಖವಾಗಿದ್ದೆ, ಬಂದರಿನಲ್ಲಿ ಬಿಸಿಲು ಕಾಯಿಸುತ್ತಾ ನಿಂತ ದೋಣಿಯ ಥರ ಇದ್ದೆ ಅಂತ ಬೇಕಾದರೆ ಅಂದುಕೊಳ್ಳಿ ಅನ್ನುತ್ತಾಳೆ. ಮರುಕ್ಷಣವೇ, ಹಾಗಿದ್ದರೆ ನಾನು ಎಲ್ಲೋ ನೀರಿಗೆ ಬಿದ್ದಿರಬೇಕು, ದೋಣಿ ಒಡೆದಿರಬೇಕು ಅನ್ನುತ್ತಾಳೆ. ಹಡಗು ಮುಳುಗಿತು, ಅದರಲ್ಲಿದ್ದವರೆಲ್ಲ ಹೋದರು. ಒಂದು ಸಂಸಾರ ಪೂರ್ತಿ ಅಳಿದದ್ದಕ್ಕೆ ಅವಳು ಬರೆದದ್ದು ಇಷ್ಟೇ. ಕೆಟ್ಟ ಕನಸು ಬಿದ್ದರೆ ಇವತ್ತಿಗೂ ಗಂಟಲಲ್ಲಿ ಉಪ್ಪುನೀರು ನುಗ್ಗಿದ ಹಾಗಾಗುತ್ತದೆ ಅಂತಲೂ ಹೇಳುತ್ತಾಳೆ. ನೀವು ಹುಡುಕುತ್ತಿರುವ ಬಾಲ್ಯ ಆ ಉಪ್ಪುನೀರಿನಲ್ಲಿದೆ.

ಗೋವಾದ ವಾಸ್ಕೋದಿಂದ ಒಬ್ಬರು: ಅಕ್ಕೋರೆ, ನಾನು ಹಾವೇರಿ ಕಡೆಯವನು, ಕೆಲಸಕ್ಕೆ ಅಂತ ಇಲ್ಲಿಗೆ ಬಂದು ಬಹಳ ವರ್ಷ ಆಯ್ತು. ಡಾಕ್ಟರ್ ಜಾನ್ ಕೆಟ್ಟವನಲ್ಲ. ಲೂಸಿಗೆ ಪ್ರೀತಿಯಿಂದ ಪತ್ರ ಬರೆದ, ನಾಟಕಕ್ಕೆ ಕರೆದುಕೊಂಡು ಹೋದ. ಆ ಪತ್ರಗಳನ್ನು ಅವಳು ಮಣ್ಣು ಮಾಡಿದ್ದು ಯಾಕೆ? ಇಟ್ಟುಕೊಳ್ಳಬಹುದಿತ್ತಲ್ಲ?

ಜಾನ್ ಕೆಟ್ಟವನಲ್ಲ ಅನ್ನುವುದು ನಿಜ. ಲೂಸಿಯ ಕಷ್ಟ ಇರುವುದೇ ಅಲ್ಲಿ. ಅವನು ಎಲ್ಲರಿಗೂ ಒಳ್ಳೆಯವನು.

ಮೊದಲ ಪತ್ರ ಬಂದ ದಿನ ನೆನಪು ಮಾಡಿಕೊಳ್ಳಿ. ಅವಳು ಅದನ್ನು ಒಡೆಯುವುದೇ ಇಲ್ಲ. ಬೆಳ್ಳಿಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಡ್ರಾಯರಿಗೆ ಹಾಕಿಡುತ್ತಾಳೆ. ಹಗಲಿಡೀ ಪಾಠ ಮಾಡುತ್ತಾಳೆ. ಪತ್ರ ಒಳಗಿದೆ ಅನ್ನುವುದೇ ಅವಳಿಗೆ ಊಟ. ರಾತ್ರಿ ಓದಲು ಒಂದು ಜಾಗ ಬೇಕು. ಆ ಶಾಲೆಯಲ್ಲಿ ಅವಳದು ಅಂತ ಒಂದು ಮೂಲೆಯೂ ಇಲ್ಲ. ಕೊನೆಗೆ ದೀಪ ಹಿಡಿದು ಅಟ್ಟ ಹತ್ತುತ್ತಾಳೆ. ಆ ಚಳಿಯಲ್ಲಿ ನಿಂತು ಓದುತ್ತಾಳೆ.

ಉತ್ತರವನ್ನು ಎರಡು ಸಲ ಬರೆಯುತ್ತಾಳೆ. ಮೊದಲನೆಯದು ಮನಸ್ಸಿಗೆ ಬಂದದ್ದೆಲ್ಲ ಬರೆದದ್ದು, ಅದನ್ನು ಹರಿದು ಹಾಕುತ್ತಾಳೆ. ಎರಡನೆಯದು ಒಂದೇ ಪುಟ, ಚೊಕ್ಕ, ತಣ್ಣಗೆ. ಕಳಿಸುವುದು ಅದನ್ನು. ಕೇಳಿದರೆ ಸಿಗುವುದಿಲ್ಲ ಅಂತ ಚಿಕ್ಕಂದಿನಲ್ಲೇ ಕಲಿತವಳು ಕೇಳದೆ ಇರುವುದನ್ನೇ ಮರ್ಯಾದೆ ಅಂದುಕೊಂಡಿದ್ದಾಳೆ. ಜಾನ್‌ಗೆ ಸಿಕ್ಕಿದ್ದು ಆ ಎರಡನೇ ಪತ್ರ ಮಾತ್ರ. ಅವನ ಕಣ್ಣಿಗೆ ಅವಳು ಯಾರ ಉಸಾಬರಿಗೂ ಹೋಗದ, ನೆರಳಿನಷ್ಟು ಸಾಧುವಾದ ಹುಡುಗಿ. ಅವನದು ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ಆದರೆ ಮೊದಲನೇ ಪತ್ರವನ್ನು ಊಹಿಸುವ ಶಕ್ತಿ ಅವನಿಗಿರಲಿಲ್ಲ.

ಜಾನ್ ಬ್ರೆಟನ್ನಿನ ಆ ಗಾಡ್‌ಮದರ್ ಮಗನೇ, ಪಾಲಿಯನ್ನು ಚಿಕ್ಕಂದಿನಲ್ಲಿ ನೋಡಿದವನು. ಪಾಲಿ ದೊಡ್ಡವಳಾಗಿ, ಚೆಲುವೆಯಾಗಿ, ಶ್ರೀಮಂತಳಾಗಿ ಮತ್ತೆ ಅವನ ಕಣ್ಣಿಗೆ ಬೀಳುತ್ತಾಳೆ. ಅವನು ಮದುವೆಯಾಗುವುದು ಅವಳನ್ನೇ. ಲೂಸಿಗೆ 7 ವಾರ ಒಂದು ಸಾಲೂ ಬರುವುದಿಲ್ಲ. ಟಪಾಲು ಬರುವ ಹೊತ್ತಿಗೆ ಅವಳ ಎದೆ ಹೊಡೆದುಕೊಳ್ಳುವುದನ್ನು ಬ್ರಾಂಟಿ ಬರೆದ ರೀತಿ ನೋಡಿ. ಊರು ಬಿಟ್ಟು ಬಂದು, ಮನೆಯ ಕಾಗದಕ್ಕೆ ಕಾದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಅವಳಿಗೆ ಗೊತ್ತಾಗುತ್ತದೆ, ಮದಾಮ್ ಬೆಕ್ ಕದ್ದು ಪತ್ರಗಳನ್ನು ಓದಿದ್ದಾಳೆ. ಆ ಶಾಲೆಗೆ ಬಂದ ಮೊದಲ ರಾತ್ರಿಯೇ ಆಕೆ ಲೂಸಿಯ ಜೇಬು ತಡಕಿ, ಬೀಗದಕೈ ತೆಗೆದು, ಮೇಣದಲ್ಲಿ ಅಚ್ಚು ಒತ್ತಿಕೊಂಡಿದ್ದಳು. ಆವತ್ತು ಲೂಸಿ ನಿದ್ದೆ ಬಂದವಳ ಹಾಗೆ ಮಲಗಿ ಎಲ್ಲ ನೋಡಿದ್ದಳು. ಬಟ್ಟೆ ತಡಕಿದರೆ ಸಹಿಸಬಹುದು. ಪತ್ರ ಮುಟ್ಟಿದರೆ ಆಗದು. ಪೇಟೆಗೆ ಹೋಗಿ ಹಳೇ ಸಾಮಾನಿನ ಅಂಗಡಿಯಲ್ಲಿ ದಪ್ಪ ಗಾಜಿನ ಬಾಟಲಿ ತರುತ್ತಾಳೆ. ಪತ್ರಗಳನ್ನು ಸುರುಳಿ ಸುತ್ತಿ, ಎಣ್ಣೆ ಹಾಕಿದ ರೇಷ್ಮೆಯಲ್ಲಿ ಕಟ್ಟಿ, ಅದರೊಳಗಿಟ್ಟು ಗಾಳಿ ಆಡದ ಹಾಗೆ ಮುಚ್ಚಿಸುತ್ತಾಳೆ. ತೋಟದಲ್ಲಿ ಒಂದು ಮುದಿ ಪೇರ್ ಮರ. ಅದರ ಬುಡದ ಪೊಟರೆಗೆ ಬಾಟಲಿ ಇಳಿಸಿ, ಮೇಲೆ ಕಲ್ಲುಚಪ್ಪಡಿ ಇಟ್ಟು, ಗಾರೆ ಮೆತ್ತಿ, ಮಣ್ಣು ಮುಚ್ಚುತ್ತಾಳೆ. ಬೇಡ ಅಂತ ಬಿಸಾಕಿದ್ದಲ್ಲ ಅದು. ಬೇಡವಾಗಿದ್ದರೆ ಒಲೆಗೆ ಹಾಕುತ್ತಿದ್ದಳು. ಮನೆಯ ಜನ ಸತ್ತಾಗ ಅವಳು ಏನು ಮಾಡಿದಳೋ ಪುಸ್ತಕದಲ್ಲಿ ಇಲ್ಲ. ಇಲ್ಲಿ ತನ್ನ ಕೈಯಾರೆ ಸಂಸ್ಕಾರ ಮಾಡುತ್ತಾಳೆ. ನೀರು ತಾಗದ ಹಾಗೆ ಅಷ್ಟು ಜೋಪಾನವಾಗಿ ಕಟ್ಟಿದ್ದಾಳೆ, ಗಮನಿಸಿದಿರಾ?

ಮುಲುಂಡಿನಿಂದ ಒಬ್ಬ ಓದುಗರು: ಅಟ್ಟದಲ್ಲಿ ಕಾಣುವ ಸನ್ಯಾಸಿನಿ ದೆವ್ವವೋ, ಲೂಸಿಯ ಭ್ರಮೆಯೋ?

ಎರಡೂ ಅಲ್ಲ. ಶಾಲೆಯ ಹುಡುಗಿ ಜಿನೆವ್ರಾಳನ್ನು ಕದ್ದು ನೋಡಲು ಬರುತ್ತಿದ್ದ ಅವಳ ಪ್ರಿಯಕರನ ವೇಷ. ಪುಸ್ತಕದ ಕೊನೆಯ ಹೊತ್ತಿಗೆ ಆ ಉಡುಪು ಲೂಸಿಯ ಹಾಸಿಗೆಯ ಮೇಲೇ ಬಿದ್ದಿರುತ್ತದೆ. ಅವಳು ಹೆದರದೆ ಅದನ್ನು ಕಿತ್ತು ಹಾಕುತ್ತಾಳೆ. ಆ ಕಥೆಗೆ ಇದಕ್ಕಿಂತ ಜಾಸ್ತಿ ಬೆಲೆ ನಾನು ಕೊಡುವುದಿಲ್ಲ.

ಪುಣೆಯಿಂದ ಎಂ.ಎ. ಓದುತ್ತಿರುವ ಒಬ್ಬ ಯುವಕ: ಮೇಡಂ, ಪಾಲ್ ಯಾವಾಗಲೂ ಗದರಿಸುತ್ತಾನೆ. ಮ್ಯೂಸಿಯಂನಲ್ಲಿ ಅವಳು ಯಾವ ಚಿತ್ರ ನೋಡಬೇಕು ಅಂತಲೂ ಅವನೇ ಹೇಳುತ್ತಾನೆ. ನಾಟಕದ ಮಾತು ಬಾಯಿಪಾಠ ಮಾಡು ಅಂತ ಅಟ್ಟದಲ್ಲಿ ಕೂಡಿಹಾಕುತ್ತಾನೆ. ಇದನ್ನು ಪ್ರೀತಿ ಅನ್ನಬೇಕಾ? ಪ್ರೀತಿ ಕಾಣದೆ ಬೆಳೆದವಳು ಸಿಕ್ಕಿದ್ದಕ್ಕೆ ತೃಪ್ತಿಪಟ್ಟಳು ಅಂತ ನನ್ನ ಅಭಿಪ್ರಾಯ.

ತಮ್ಮಾ, ಪಾಲ್ ಮಾಡಿದ್ದೆಲ್ಲ ಸರಿ ಅಂತ ನಾನು ವಾದಿಸುವುದಿಲ್ಲ. ಬೀಗ ಹಾಕಿದ್ದು ತಪ್ಪು. ಕೇಳದೆ ಅವಳ ಡೆಸ್ಕ್ ತೆರೆಯುವುದೂ ತಪ್ಪು. ಹೆಂಗಸರು ಜಾಸ್ತಿ ಓದಬಾರದು ಅನ್ನುವ ಅವನ ಮಾತು ಕೇಳಿದರೆ ನನಗೂ ಸಿಟ್ಟು ಬರುತ್ತದೆ. ಆದರೆ ‘ಸಿಕ್ಕಿದ್ದಕ್ಕೆ ತೃಪ್ತಿ’ ಅನ್ನುವ ನಿನ್ನ ಮಾತನ್ನು ಒಪ್ಪಲಾರೆ.

ಜಾನ್‌ಗೆ ನೆರಳಾಗಿ ಕಂಡವಳು ಪಾಲ್‌ಗೆ ಬೆಂಕಿಯಾಗಿ ಕಾಣುತ್ತಾಳೆ. ಅವಳೊಂದು ಗುಲಾಬಿ ಬಣ್ಣದ ಉಡುಪು ಹಾಕಿದರೆ ಇಡೀ ಊರಲ್ಲಿ ಅದು ಎದ್ದು ಕಾಣುವುದು ಇವನೊಬ್ಬನ ಕಣ್ಣಿಗೆ. ಅವನು ಬೈದರೆ ಅವಳು ತಿರುಗಿ ಮಾತಾಡುತ್ತಾಳೆ. ಪುಸ್ತಕದಲ್ಲಿ ಲೂಸಿ ದನಿ ಎತ್ತಿ ಜಗಳ ಆಡುವುದು ಹೆಚ್ಚಾಗಿ ಇವನ ಜೊತೆ. ಅದನ್ನು ನಾನು ಸಣ್ಣ ವಿಷಯ ಅನ್ನುವುದಿಲ್ಲ. ಮೇಲೆ ಡೊಂಬಿವಲಿಯವರಿಗೆ ಹೇಳಿದೆನಲ್ಲ, ಜಗಳಕ್ಕೂ ಒಬ್ಬರಿಲ್ಲದೆ ಬೆಳೆದವಳು.

ಅವನ ಹಬ್ಬದ ದಿನದ ಅಧ್ಯಾಯ ಮತ್ತೆ ಓದು. ಎಲ್ಲರೂ ಹೂಗುಚ್ಛ ಕೊಡುತ್ತಾರೆ. ಲೂಸಿ ಸುಮ್ನೆ ಕೂತಿದ್ದಾಳೆ. ಇಷ್ಟೇನಾ, ಇಷ್ಟೇನಾ ಅಂತ ಅವನು ಮತ್ತೆ ಮತ್ತೆ ಕೇಳುತ್ತಾನೆ. ಅವಳು ಕದಲುವುದಿಲ್ಲ. ನಿಜಕ್ಕೂ ಅವಳ ಡೆಸ್ಕಿನಲ್ಲಿ ಪುಟ್ಟ ಪೆಟ್ಟಿಗೆಯೊಂದಿದೆ. ಅದರಲ್ಲಿ ಅವನಿಗಾಗಿಯೇ ರಾತ್ರಿ ಕೂತು ಮಣಿ ಪೋಣಿಸಿ ಹೆಣೆದ ಗಡಿಯಾರದ ಸರಪಳಿ. ಎಲ್ಲರೆದುರು ಕೊಡಲು ಅವಳ ಕೈ ಬರುವುದಿಲ್ಲ. ಆಮೇಲೆ ಇಬ್ಬರೇ ಇದ್ದಾಗ ಕೊಡುತ್ತಾಳೆ. ಅವನು ಮಗುವಿನ ಹಾಗೆ ಸಂತೋಷಪಟ್ಟು ಎಲ್ಲರಿಗೂ ಕಾಣುವಂತೆ ಎದೆಗೆ ಹಾಕಿಕೊಳ್ಳುತ್ತಾನೆ. ಲೂಸಿ ಕೊಟ್ಟದ್ದನ್ನು ಹೀಗೆ ಮೆರೆಸಿದವರು ಈ ಪುಸ್ತಕದಲ್ಲಿ ಬೇರೆ ಯಾರಿದ್ದಾರೆ ಹೇಳು?

ಇನ್ನೊಂದು ವಿಷಯ. ಅವನು ತನ್ನ ಸಂಪಾದನೆಯ ಬಹುಪಾಲು ಕೊಡುತ್ತಿದ್ದುದು ಸತ್ತುಹೋದ ಹಳೆಯ ಪ್ರೇಯಸಿಯ ಅಜ್ಜಿಗೆ, ತನಗೆ ಕಲಿಸಿದ ಪಾದ್ರಿಗೆ, ಒಬ್ಬ ಹಳೆಯ ಕೆಲಸದಾಕೆಗೆ. ಆ ಅಜ್ಜಿ ಅವನ ಮದುವೆಗೆ ಅಡ್ಡ ನಿಂತಿದ್ದವಳೇ. ತಾನು ಮಾತ್ರ ಎರಡು ಕೋಣೆಯಲ್ಲಿ, ಆಳುಕಾಳಿಲ್ಲದೆ. ಅವನು ಕ್ಯಾಥೋಲಿಕ್, ಅವಳು ಪ್ರಾಟೆಸ್ಟಂಟ್. ಆ ಕಾಲಕ್ಕೆ ಅದು ದೊಡ್ಡ ಗೋಡೆ. ಕೊನೆಗೆ ನೀನು ನಿನ್ನ ಧರ್ಮದಲ್ಲೇ ಇರು ಅನ್ನುತ್ತಾನೆ.

ಹಡಗು ಹತ್ತುವ ಮುಂಚೆ ಅವನು ಅವಳನ್ನು ಒಂದು ಪುಟ್ಟ ಮನೆಗೆ ಕರೆದೊಯ್ಯುತ್ತಾನೆ. ಬೆಂಚು, ಡೆಸ್ಕು ಹಾಕಿದ ತರಗತಿ ಕೋಣೆ. ಅಚ್ಚು ಹಾಕಿಸಿದ ಕಾಗದದಲ್ಲಿ ಶಾಲೆಯ ವಿಳಾಸ, ಮುಖ್ಯಸ್ಥೆ ಲೂಸಿ ಸ್ನೋ ಅಂತ. ಹೆಂಡತಿಯಾಗುವ ಮೊದಲೇ ಅವಳ ಹೆಸರಿಗೆ ಒಂದು ಕೆಲಸ, ಒಂದು ಬಾಗಿಲು, ಒಂದು ಬೀಗದಕೈ. ಆ ಕೈಯ ಅಚ್ಚು ಯಾರೂ ಒತ್ತಿಕೊಂಡಿಲ್ಲ. ಇಬ್ಬರೂ ಬಾಲ್ಕನಿಯಲ್ಲಿ ಕೂತು ಬಿಸಿ ಚಾಕೊಲೇಟ್ ಕುಡಿದು ಚೆರಿ, ಸ್ಟ್ರಾಬೆರಿ ತಿನ್ನುತ್ತಾರೆ. ಅವನು ದೂರ ಇದ್ದ ಆ 3 ವರ್ಷವೇ ತನ್ನ ಬದುಕಿನ ಅತಿ ಸುಖದ ಕಾಲ ಅನ್ನುತ್ತಾಳೆ ಲೂಸಿ. ಪ್ರತಿ ಹಡಗಿಗೂ ಅವನ ಪತ್ರ ಬರುತ್ತಿತ್ತು. ಈ ಸಲ ಹರಿದು ಹಾಕುವ ಉತ್ತರ ಬರೆಯಬೇಕಾಗಿರಲಿಲ್ಲ.

ವಾಶಿಯಿಂದ ಒಬ್ಬ ಓದುಗರು: ನಮ್ಮ ಮನೆಯವರು ಹಡಗಿನ ಕೆಲಸದಲ್ಲಿದ್ದಾರೆ ಟೀಚರ್. ಕೊನೆಯ ಅಧ್ಯಾಯ ಓದಿ ರಾತ್ರಿ ನಿದ್ದೆ ಬರಲಿಲ್ಲ. ಪಾಲ್ ವಾಪಸ್ ಬಂದನಾ ಇಲ್ಲವಾ? ಅವಳು ಯಾಕೆ ಸರಿಯಾಗಿ ಹೇಳುವುದಿಲ್ಲ?

ಬರಲಿಲ್ಲ. ನಿಮ್ಮ ಸಮಾಧಾನಕ್ಕೆ ಬೇರೆ ಹೇಳಬೇಕು ಅಂತ ಆಸೆ ಇದ್ದರೂ ಪುಸ್ತಕ ಹೇಳುವುದು ಅದನ್ನೇ.

ಬಿರುಗಾಳಿ 7 ದಿನ ಬೀಸುತ್ತದೆ. ಅಟ್ಲಾಂಟಿಕ್ ತುಂಬ ಒಡೆದ ಹಡಗುಗಳ ಚೂರು. ಅಲ್ಲಿಗೆ ಲೂಸಿ ಮಾತು ನಿಲ್ಲಿಸಿ, ಸುಖದ ಕೊನೆ ಬೇಕಾದವರು ಅವರಿಬ್ಬರ ಮದುವೆ, ಸಂಸಾರ ಎಲ್ಲ ಊಹಿಸಿಕೊಳ್ಳಲಿ ಅನ್ನುತ್ತಾಳೆ. ನಾಲ್ಕನೇ ಅಧ್ಯಾಯದಲ್ಲಿ ತನ್ನವರನ್ನು ಕಳೆದುಕೊಂಡಾಗಲೂ ಇದೇ ಮಾತು ಆಡಿದ್ದಳು, ಸುಖವಾಗಿದ್ದೆ ಅಂತ ಅಂದುಕೊಳ್ಳಿ ಅಂತ. ಆಗಲೂ ಹಡಗು ಮುಳುಗಿತ್ತು. ಈ ಕಥೆ ಬರೆಯುವ ಹೊತ್ತಿಗೆ ಅವಳ ತಲೆ ಪೂರ್ತಿ ನೆರೆತಿದೆ. ಅಷ್ಟು ವರ್ಷವಾದ ಮೇಲೂ ಆ 3 ವರ್ಷವೇ ಅತಿ ಸುಖದ ಕಾಲ ಅನ್ನುತ್ತಾಳೆ ಅಂದರೆ ಆಮೇಲೆ ಅವನು ಬಂದಿಲ್ಲ. ಕಟ್ಟಕಡೆಯ ಸಾಲುಗಳಲ್ಲಿ ಅವನನ್ನು ಸಮುದ್ರದಾಚೆ ಕಳಿಸಿದವರ ಸುದ್ದಿ ಇದೆ. ಮದಾಮ್ ಬೆಕ್ ಚೆನ್ನಾಗಿ ಬಾಳಿದಳು, ಪಾದ್ರಿಯೂ ಬಾಳಿದ, ಆ ಅಜ್ಜಿ 90 ತುಂಬಿಸಿಕೊಂಡೇ ಸತ್ತಳು. ಪಾಲ್ ಹೆಸರಿಲ್ಲ.

ಲೇಖಕಿಯ ತಂದೆಗೆ ದುಃಖದ ಕೊನೆ ಇಷ್ಟವಿರಲಿಲ್ಲ, ಅವರ ಆಸೆಗಾಗಿ ಮಗಳು ಸಾವನ್ನು ನೇರವಾಗಿ ಹೇಳದೆ ಮರೆಮಾಚಿದಳು ಅಂತ ಬ್ರಾಂಟಿಯ ಜೀವನಚರಿತ್ರೆ ಬರೆದ ಎಲಿಜಬೆತ್ ಗ್ಯಾಸ್ಕೆಲ್ 1857ರಲ್ಲೇ ಬರೆದಿದ್ದಾರೆ. ಇದೊಂದು ನೆನಪಿಡಿ ತಾಯಿ, ಆ ಕಾಲದ್ದು ಹಾಯಿ ಹಡಗು. ಹವಾಮಾನ ತಿಳಿಸುವ ರೇಡಿಯೋ, ಸ್ಯಾಟಲೈಟ್ ಯಾವುದೂ ಇರಲಿಲ್ಲ. ನಿಮ್ಮ ಮನೆಯವರ ಹಡಗು ಎಲ್ಲಿದೆ ಅಂತ ಇವತ್ತು ಫೋನಿನಲ್ಲೇ ನೋಡಬಹುದು. ಇವತ್ತು ರಾತ್ರಿ ನಿದ್ದೆ ಮಾಡಿ.

ಘಾಟ್ಕೋಪರದಿಂದ ಒಬ್ಬರು: ಇದು ಬ್ರಾಂಟಿಯ ಸ್ವಂತ ಕಥೆ ಅನ್ನುತ್ತಾರೆ. ಎಷ್ಟು ನಿಜ?

ಬೇರು ನಿಜ. ಶಾರ್ಲೆಟ್ ಹುಟ್ಟಿದ್ದು 1816ರಲ್ಲಿ. 5 ವರ್ಷದವಳಿದ್ದಾಗ ತಾಯಿ ಹೋದರು. 1825ರಲ್ಲಿ, ಬೋರ್ಡಿಂಗ್ ಶಾಲೆಯಿಂದ ಕಾಯಿಲೆಯಲ್ಲಿ ಮನೆಗೆ ಬಂದ ಇಬ್ಬರು ಅಕ್ಕಂದಿರು ಒಬ್ಬರ ಹಿಂದೆ ಒಬ್ಬರು ಸತ್ತರು. 1842ರಲ್ಲಿ ತಂಗಿ ಎಮಿಲಿಯ ಜೊತೆ ಬ್ರಸೆಲ್ಸ್‌ನ ಒಂದು ಹೆಣ್ಣುಮಕ್ಕಳ ಶಾಲೆಗೆ ಹೋದಳು. ಮರುವರ್ಷ ಒಬ್ಬಳೇ ಹೋಗಿ ಅಲ್ಲೇ ಟೀಚರ್ ಆದಳು. ಅಲ್ಲಿನ ಮೇಷ್ಟ್ರು ಕಾನ್‌ಸ್ಟಾಂಟಿನ್ ಹೇಗರ್ ಮೇಲೆ ಮನಸ್ಸಿಟ್ಟಳು. ಅವರು ಮದುವೆಯಾದವರು, ಶಾಲೆ ನಡೆಸುತ್ತಿದ್ದವರು ಅವರ ಹೆಂಡತಿಯೇ. 1844ರಲ್ಲಿ ಊರಿಗೆ ವಾಪಸಾದ ಮೇಲೆ ಅವರಿಗೆ ಪತ್ರ ಬರೆದಳು, ಒಂದು ಸಾಲು ಉತ್ತರಕ್ಕಾಗಿ ಬೇಡಿಕೊಂಡಳು. 4 ಪತ್ರ ಉಳಿದಿವೆ. ಅವುಗಳಲ್ಲಿ 3 ಹರಿದು ಚೂರಾಗಿದ್ದವು, ಆಮೇಲೆ ಜೋಡಿಸಿದ್ದು. ಹೇಗರ್ ಮಕ್ಕಳು ಅವನ್ನು 1913ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟರು, ಆಗಲೇ ಜಗತ್ತಿಗೆ ಗೊತ್ತಾಯಿತು.

ಕಾದಂಬರಿ ಬರೆಯುವಾಗ ಅವಳ ಮನೆ ಖಾಲಿಯಾಗಿತ್ತು. ತಮ್ಮ ಬ್ರಾನ್‌ವೆಲ್ ಮತ್ತು ಎಮಿಲಿ 1848ರಲ್ಲಿ, ಕಿರಿಯ ತಂಗಿ ಆ್ಯನ್ 1849ರಲ್ಲಿ ತೀರಿಕೊಂಡಿದ್ದರು. ಉಳಿದದ್ದು ಮುದಿ ತಂದೆ ಮಾತ್ರ. ಮೂವರು ಅಕ್ಕತಂಗಿಯರು ರಾತ್ರಿ ಮೇಜಿನ ಸುತ್ತ ನಡೆದಾಡುತ್ತಾ ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದ ಮನೆ ಅದು. ಲೂಸಿಯ ರಜೆಯ ಅಧ್ಯಾಯ ಇದೆಯಲ್ಲ, ಎಲ್ಲರೂ ಊರಿಗೆ ಹೋಗಿ ಅವಳೊಬ್ಬಳೇ ಖಾಲಿ ಶಾಲೆಯಲ್ಲಿ ಜ್ವರ ಬಂದು ಮಲಗುವುದು, ತನ್ನ ಮತದ್ದಲ್ಲದ ಚರ್ಚಿಗೆ ಹೋಗಿ ಪಾದ್ರಿಯೆದುರು ಮನಸ್ಸು ಬಿಚ್ಚುವುದು, ಅದನ್ನು 1843ರಲ್ಲಿ ಬ್ರಸೆಲ್ಸ್‌ನಲ್ಲಿ ಶಾರ್ಲೆಟ್ ನಿಜವಾಗಿ ಮಾಡಿದ್ದಳು. ಆದರೆ ಹೇಗರ್ ಪಾಲ್ ಅಲ್ಲ. ಹೇಗರ್ ಕೊಡದೇ ಹೋದ ಉತ್ತರವನ್ನು ಪಾಲ್ ಕೈಯಲ್ಲಿ ಪ್ರತಿ ಹಡಗಿಗೂ ಬರೆಸಿದ್ದಾಳೆ.

ಕಳವಾದಿಂದ ಒಬ್ಬ ತಾಯಿ: ನನ್ನ ನಾದಿನಿ ತೀರಿಕೊಂಡ ಮೇಲೆ ಅವಳ ಮಗಳನ್ನು ಕಾರ್ಕಳದಿಂದ ಇಲ್ಲಿಗೆ ಕರೆದುಕೊಂಡು ಬಂದಿದ್ದೇವೆ. ಒಂಬತ್ತನೇ ಕ್ಲಾಸು. ಏನು ಕೇಳಿದರೂ ‘ಏನೂ ಬೇಡ ಅತ್ತೆ’ ಅನ್ನುತ್ತಾಳೆ. ಓದುವ ಹುಚ್ಚು ಜಾಸ್ತಿ. ಅವಳಿಗೆ ಈ ಪುಸ್ತಕ ಕೊಡಬಹುದಾ?

ಈಗ ಬೇಡ ಅಮ್ಮಾ. ದೊಡ್ಡ ಪುಸ್ತಕ, ಮಧ್ಯೆ ಮಧ್ಯೆ ಫ್ರೆಂಚ್, ಕೊನೆಯಲ್ಲಿ ಸಾವು. ಹತ್ತನೇ ಕ್ಲಾಸ್ ಮುಗಿದ ಮೇಲೆ ನೋಡಿ.

ಆದರೆ ನಿಮಗೆ ಈ ಪುಸ್ತಕದಿಂದ ಎರಡು ವಿಷಯ ಹೇಳಬೇಕು ಅನ್ನಿಸುತ್ತದೆ. ಲೂಸಿಯ ಗಾಡ್‌ಮದರ್ ಬಹಳ ಒಳ್ಳೆಯ ಹೆಂಗಸು. ಆರೈಕೆ ಮಾಡುತ್ತಾಳೆ, ಉಡುಪು ಹೊಲಿಸುತ್ತಾಳೆ. ಆದರೆ ಕೆಲಸದ ಗಡಿಬಿಡಿಯಲ್ಲಿ ವಾರಗಟ್ಟಲೆ ಲೂಸಿ ನೆನಪಿಗೇ ಬರುವುದಿಲ್ಲ. ಹುಡುಗಿ ಸುಮ್ಮನಿದ್ದಾಳೆ, ಆರಾಮಾಗಿರಬೇಕು ಅಂದುಕೊಳ್ಳುತ್ತಾಳೆ. ‘ಬೇಡ’ ಅನ್ನುವ ಮಗುವಿಗೆ ಬೇಕಾ ಅಂತ ಕೇಳುತ್ತಾ ನಿಲ್ಲಬೇಡಿ. ನಿಮ್ಮ ಮಕ್ಕಳಿಗೆ ತಂದದ್ದರ ಜೊತೆ ಅವಳಿಗೂ ಒಂದು ತನ್ನಿ. ಓದುತ್ತಿರುವಾಗ ಪಕ್ಕದಲ್ಲಿ ಒಂದು ಲೋಟ ಹಾಲು, ಒಂದು ಪುಸ್ತಕ ಇಟ್ಟು ಹೋಗಿ. ತಾಯಿಯ ಹೆಸರು ಮನೆಯಲ್ಲಿ ಆಡುತ್ತಿರಿ. ನಿನ್ನ ಅಮ್ಮ ಹೀಗೆ ಪತ್ರೊಡೆ ಮಾಡುತ್ತಿದ್ದಳು, ನಮ್ಮ ಮದುವೆಯಲ್ಲಿ ಹೀಗೆ ನಕ್ಕಿದ್ದಳು, ಅಂತ. ಮೊದಲು ಅವಳು ಎದ್ದು ಹೋಗಬಹುದು. ಹೋಗಲಿ, ನೀವು ನಿಲ್ಲಿಸಬೇಡಿ.

ಎರಡನೆಯದು, ಕಳವಾ ಕಡೆಯ ಮನೆ ಎಷ್ಟು ಚಿಕ್ಕದಿರುತ್ತದೆ ಅಂತ ನನಗೆ ಗೊತ್ತು. ಆದರೂ ಕಪಾಟಿನ ಒಂದು ಡ್ರಾಯರ್ ಅವಳಿಗೆ ಬಿಟ್ಟುಕೊಡಿ, ಬೀಗದಕೈ ಅವಳ ಹತ್ತಿರವೇ ಇರಲಿ. ಇನ್ನೊಂದು ಕೈ ನೀವು ಇಟ್ಟುಕೊಳ್ಳಬೇಡಿ.

ಮುಂದೆ ‘ವಿಲೆಟ್’ ಕೊಡುವಾಗ ಫ್ರೆಂಚ್ ಮಾತುಗಳಿಗೆ ಹಿಂದಿನ ಪುಟಗಳಲ್ಲಿ ಅರ್ಥ ಕೊಟ್ಟಿರುವ ಪ್ರತಿ ನೋಡಿ ತಗೊಳ್ಳಿ. ಅರ್ಥ ಇಲ್ಲದ ಅಗ್ಗದ ಪ್ರತಿಗಳೂ ಫುಟ್‌ಪಾತಿನಲ್ಲಿ ಸಿಗುತ್ತವೆ, ಅದರಲ್ಲಿ ಪಾಲ್ ಆಡುವ ಅರ್ಧ ಮಾತು ಹುಡುಗಿಗೆ ತಿಳಿಯುವುದಿಲ್ಲ.